ಕಂಬಕ್ಕೂ ಒತ್ತಾಸೆ ಬೇಕು

ರಾಮನಗರದವನು ಎಂದು ಹೇಳಿಕೊಂಡ ಕೂಡಲೇ ಎದುರಿಗಿದ್ದವರ ಬಾಯಿಂದ ಬರುವ ಮೊದಲ ಮಾತು ‘ಶೋಲೆ’. ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ಹುಟ್ಟಿದ ನನ್ನ ಗೆಳೆಯನದೂ ಇದೇ ಪಾಡು. ಅವನ ಊರಿನ ಹೆಸರೇ ಈಗ ಸಿನಿಮಾದ ಹೆಸರು. 1975ರಲ್ಲಿ ನಮ್ಮ ಬಂಡೆಗಳ ಮೇಲೆ ಗಬ್ಬರ್ ಸಿಂಗ್ ಓಡಾಡಿದ, 2018ರಲ್ಲಿ ಅವನ ಊರಿನ ಸೈನೈಡ್ ದಿಬ್ಬಗಳ ನಡುವೆ ರಾಕಿ ಭಾಯ್ ಓಡಾಡಿದ. ನಮ್ಮಿಬ್ಬರ ಊರುಗಳೂ ಕನ್ನಡಿಗರ ಕಣ್ಣಿಗೆ ಹಿಂದಿನ ಪರದೆಗಳು. ಬಂಡೆ ಕಾಣುತ್ತದೆ, ದಿಬ್ಬ ಕಾಣುತ್ತದೆ. ಆ ಕಲ್ಲು, ಆ ಮಣ್ಣು ಎಲ್ಲಿಂದ ಎದ್ದು ಬಂತೋ ಆ ಜಾಗ ಮಾತ್ರ ಯಾರ ಕ್ಯಾಮೆರಾಕ್ಕೂ ಸಿಗುವುದಿಲ್ಲ.

ಈ ಮಾತು ಈಗ ಯಾಕೆ ಬಂತೆಂದರೆ, ಕಳೆದ ತಿಂಗಳು ನಮ್ಮ ಕಡೆಯ ಒಂದು ಸಾಹಿತ್ಯ ಗೋಷ್ಠಿಯಲ್ಲಿ ಹಿರಿಯರೊಬ್ಬರು ಗಣಿಗಾರಿಕೆಯ ವಿರುದ್ಧ ತುಂಬಾ ಚೆನ್ನಾಗಿ ಮಾತಾಡಿದರು. ಗಣಿ ಎಂದರೆ ಭೂಮಿತಾಯಿಯ ಮೈಮೇಲಿನ ಗಾಯ ಎಂದರು. ಸಭೆ ಚಪ್ಪಾಳೆ ತಟ್ಟಿತು, ನಾನೂ ತಟ್ಟಿದೆ. ಊಟದ ಸಾಲಿನಲ್ಲಿ ಅವರ ಪಕ್ಕವೇ ಜಾಗ ಸಿಕ್ಕಿದ್ದರಿಂದ, ಆ ಗಾಯಕ್ಕೆ ಮದ್ದೇನು ಸಾರ್ ಎಂದು ಕೇಳಿದೆ. ಗಣಿ ನಿಲ್ಲಿಸಬೇಕು ಎಂದರು. ನಿಲ್ಲಿಸಿದ್ದಾಯಿತು, ಆಮೇಲೆ ಆ ಗುಂಡಿ? ಅವರು ಹಪ್ಪಳ ಮುರಿಯುತ್ತಾ, ಅದೆಲ್ಲ ಇಂಜಿನಿಯರುಗಳ ವಿಷಯವಲ್ಲವೇ ಎಂದರು.

ಅಲ್ಲ. ಅದು ಇಂಜಿನಿಯರುಗಳ ವಿಷಯ ಮಾತ್ರ ಎಂದು ನಾವೆಲ್ಲ ಕೈ ತೊಳೆದುಕೊಂಡಿರುವುದರಿಂದಲೇ ಈ ರಾಜ್ಯದಲ್ಲಿ ಗಣಿಯ ಲೆಕ್ಕವನ್ನು ಅರ್ಧ ಬರೆದು ಪುಸ್ತಕ ಮುಚ್ಚುತ್ತಾರೆ. ಎಷ್ಟು ತೆಗೆದರು, ಎಷ್ಟಕ್ಕೆ ಮಾರಿದರು, ಎಷ್ಟು ರಾಜಸ್ವ ಬಂತು, ಎಷ್ಟು ಕದ್ದರು ಎಂಬಲ್ಲಿಗೆ ಲೆಕ್ಕ ಮುಗಿಯಿತು. ಬಳ್ಳಾರಿಯ ಬಗ್ಗೆ ನಾವು ಬರೆದ ಕವಿತೆ, ಅಂಕಣಗಳೆಲ್ಲ ಇಷ್ಟರೊಳಗೇ ಸುತ್ತಿದವು. ಎಷ್ಟು ತುಂಬಿದರು ಎಂಬ ಕಲಂ ಆ ಪುಸ್ತಕದಲ್ಲೇ ಇಲ್ಲ. ಅಗೆದದ್ದನ್ನು ತುಂಬುವುದು ಗಣಿಗಾರಿಕೆ ಮುಗಿದ ಮೇಲೆ ಮಾಡುವ ಪ್ರಾಯಶ್ಚಿತ್ತ ಎಂದು ಗಣಿ ವಿರೋಧಿಗಳು ತಿಳಿದಿದ್ದಾರೆ, ದಂಡದ ಖರ್ಚು ಎಂದು ಗಣಿ ಮಾಲೀಕರು ತಿಳಿದಿದ್ದಾರೆ. ಇಬ್ಬರೂ ತಪ್ಪು. ತುಂಬುವುದು ಗಣಿಗಾರಿಕೆಯ ಒಳಗಿನ ಕೆಲಸ. ಅದಿಲ್ಲದೆ ಕಂಬವೂ ನಿಲ್ಲುವುದಿಲ್ಲ.

ನನಗೆ ಇದು ಗೊತ್ತಾದದ್ದು ಪುಸ್ತಕದಿಂದಲ್ಲ, ಆ ಕೋಲಾರದ ಗೆಳೆಯನ ಮನೆಯ ಜಗಲಿಯ ಮೇಲೆ. ಅವನ ತಂದೆ ಚಾಂಪಿಯನ್ ರೀಫ್ ಗಣಿಯೊಳಗೆ ಬದುಕಿನ ಬಹುಭಾಗ ಕಳೆದವರು. ತಮಿಳು ಬೆರೆತ ಕನ್ನಡದಲ್ಲಿ ನಿಧಾನವಾಗಿ ಮಾತಾಡುತ್ತಿದ್ದರು. ಚಿನ್ನದ ಗಣಿಯಲ್ಲಿ ಏನು ಕೆಲಸ ಮಾಡುತ್ತಿದ್ದಿರಿ ಎಂದರೆ, ಗೋಡೆ ಕಟ್ಟುತ್ತಿದ್ದೆ ಎಂದರು. ನನಗೆ ಅರ್ಥವಾಗಲಿಲ್ಲ. ನೆಲದಡಿಯಲ್ಲಿ ಯಾಕೆ ಗೋಡೆ?

ಅವರು ಎರಡೂ ಅಂಗೈಗಳನ್ನು ಎದುರುಬದುರು ಹಿಡಿದು ತೋರಿಸಿದರು. ಚಿನ್ನದ ಅದಿರು ಕಲ್ಲಿನೊಳಗೆ ಓರೆಯಾಗಿ ನಿಂತ ತೆಳ್ಳನೆಯ ಹಲಗೆಯ ಹಾಗಿರುತ್ತದೆ. ಆ ಹಲಗೆಯನ್ನು ಒಡೆದು ತೆಗೆದರೆ ಎರಡು ಬಂಡೆಗೋಡೆಗಳ ನಡುವೆ ಒಂದು ಸೀಳು ಉಳಿಯುತ್ತದೆ. ಗಣಿಯವರ ಮಾತಿನಲ್ಲಿ ಅದು ಸ್ಟೋಪ್. ಆ ಎರಡು ಗೋಡೆಗಳು ಸುಮ್ಮನೆ ನಿಲ್ಲುವುದಿಲ್ಲ, ದಿನದಿನಕ್ಕೂ ಹತ್ತಿರ ಬರುತ್ತವೆ. ಅವರ ಅಂಗೈಗಳೂ ಹತ್ತಿರ ಬಂದವು. ಅದನ್ನು ತಡೆಯಲು ಮೇಲೆ ಕ್ವಾರಿಯಲ್ಲಿ ಕಡಿದ ಗ್ರಾನೈಟ್ ಕಲ್ಲುಗಳನ್ನು ಗಣಿಯೊಳಕ್ಕೆ ಇಳಿಸಿ, ಗಾರೆ ಇಲ್ಲದೆ, ಒಂದರ ಮೇಲೊಂದು ಒತ್ತಾಗಿ ಜೋಡಿಸುತ್ತಿದ್ದರು. ಆಮೇಲಾಮೇಲೆ ಕಾಂಕ್ರೀಟು ಬಂತು, ಅದಿರನ್ನು ಅರೆದು ಚಿನ್ನ ತೆಗೆದುಕೊಂಡ ಮೇಲೆ ಉಳಿದ ಮರಳನ್ನೇ ನೀರಿನಲ್ಲಿ ಕಲಸಿ ಪೈಪಿನಲ್ಲಿ ಕೆಳಗೆ ಕಳಿಸುವ ಪದ್ಧತಿಯೂ ಬಂತು. ತಾನು ಗಣಿಯಿಂದ ಹೊರಗೆ ತಂದದ್ದಕ್ಕಿಂತ ಒಳಗೆ ಕೊಂಡೊಯ್ದದ್ದೇ ಹೆಚ್ಚು ಎಂದು ಅವರು ನಕ್ಕರು. ಚಿನ್ನದ ಗಟ್ಟಿಯನ್ನು ಅವರು ಕಂಡವರೇ ಅಲ್ಲ.

ಜಾನ್ ಟೇಲರ್ ಅಂಡ್ ಸನ್ಸ್ 1880ರಲ್ಲಿ ಶುರು ಮಾಡಿದ ಆ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಆಳ 3 ಕಿಲೋಮೀಟರಿಗೂ ಹೆಚ್ಚು. 1902ರಲ್ಲಿ ಶಿವನಸಮುದ್ರದಿಂದ ಅಲ್ಲಿಗೆ ವಿದ್ಯುತ್ ತಂತಿ ಎಳೆದರು, ಅದು ನಮ್ಮ ಕನಕಪುರ ಸೀಮೆಯನ್ನು ಹಾದು ಹೋಯಿತು. ಬೆಂಗಳೂರಿಗೆ ದೀಪ ಬಂದದ್ದೇ 1905ರಲ್ಲಿ. ಚಿನ್ನ ಅಗೆಯುವ ಕರೆಂಟಿನ ತಂತಿಯ ಕೆಳಗೆ ನಮ್ಮ ಹಳ್ಳಿಗಳು ಸೀಮೆಎಣ್ಣೆ ಬುಡ್ಡಿ ಹಚ್ಚಿಕೊಂಡು ಎಷ್ಟೋ ದಶಕ ಕೂತಿದ್ದವು. ಹಾಗಾಗಿ ಆ ಗಣಿಯ ವಿಷಯದಲ್ಲಿ ಮಾತಾಡಲು ನಮಗೂ ಸ್ವಲ್ಪ ಹಕ್ಕಿದೆ ಎಂದುಕೊಂಡಿದ್ದೇನೆ.

ಈಗ ಕಂಬದ ವಿಷಯಕ್ಕೆ ಬರೋಣ. ಭೂಗತ ಗಣಿಯಲ್ಲಿ ಎಲ್ಲವನ್ನೂ ಒಮ್ಮೆಗೇ ತೆಗೆಯಲಾಗುವುದಿಲ್ಲ. ಮೇಲಿನ ಭಾರ ಹೊರಲೆಂದು ಅಲ್ಲಲ್ಲಿ ಅದಿರನ್ನೇ ಕಂಬಗಳಂತೆ ಬಿಡುತ್ತಾರೆ. 3 ಕಿಲೋಮೀಟರ್ ಆಳದಲ್ಲಿ ಮೇಲಿನ ಬಂಡೆಯ ತೂಕವೇ ಚದರ ಸೆಂಟಿಮೀಟರಿಗೆ ಸುಮಾರು 800 ಕಿಲೋ ಬರುತ್ತದೆ. ನಿಮ್ಮ ಹೆಬ್ಬೆರಳಿನ ಉಗುರಿನ ಮೇಲೆ ಎರಡು ಎತ್ತು ನಿಂತ ಹಾಗೆ. ಇದು ಏನನ್ನೂ ಅಗೆಯುವ ಮೊದಲಿನ ಲೆಕ್ಕ. ನಾಲ್ಕರಲ್ಲಿ ಮೂರು ಪಾಲು ಅಗೆದು ತೆಗೆದಿರಿ ಎನ್ನಿ, ಉಳಿದ ಒಂದು ಪಾಲು ನಾಲ್ಕು ಪಾಲಿನ ಭಾರ ಹೊರಬೇಕು. ಹೋದವರ ಹೊರೆ ಉಳಿದವರ ಮೇಲೆ. ಇದು ಯಾವ ಒಕ್ಕಲು ಮನೆಯಲ್ಲೂ ಗೊತ್ತಿರುವ ಸತ್ಯ.

ಕಂಬ ಒಡೆಯುವುದು ಹೇಗೆ? ಮೇಲಿನಿಂದ ಭಾರ ಬಿದ್ದಾಗ ಕಲ್ಲು ಪಕ್ಕಕ್ಕೆ ಉಬ್ಬುತ್ತದೆ. ಪಕ್ಕದಲ್ಲಿ ಖಾಲಿ ಇದ್ದರೆ ಹೊರಮೈ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಉದುರಿದಷ್ಟೂ ಕಂಬ ಸಣ್ಣದಾಗುತ್ತದೆ, ಸಣ್ಣದಾದಷ್ಟೂ ಉಳಿದ ಭಾಗದ ಮೇಲೆ ಒತ್ತಡ ಏರುತ್ತದೆ. ನಡು ಸವೆದು ಕಂಬ ಡಮರುಗದ ಆಕಾರಕ್ಕೆ ಬರುತ್ತದೆ. ಇದು ಒಂದೇ ದಿನದಲ್ಲಿ ಆಗುವುದಲ್ಲ, ಹತ್ತು ಇಪ್ಪತ್ತು ವರ್ಷ ತೆಗೆದುಕೊಳ್ಳಬಹುದು. ಗಣಿ ಮಾಲೀಕ ಹೋಗಿ, ಮ್ಯಾನೇಜರು ನಿವೃತ್ತನಾಗಿ, ಮೇಲೆ ಮನೆಗಳು ಎದ್ದ ಮೇಲೂ ಅದು ನಡೆಯುತ್ತಿರುತ್ತದೆ.

ಈಗ ಆ ಖಾಲಿಯನ್ನು ತುಂಬಿದರೆ? ತಾಂತ್ರಿಕರು ಇದನ್ನು ಬ್ಯಾಕ್‌ಫಿಲ್ ಎನ್ನುತ್ತಾರೆ, ನಾನು ಭರ್ತಿ ಎನ್ನುತ್ತೇನೆ. ಬಹಳ ಜನ ತಪ್ಪು ತಿಳಿಯುವುದು ಇಲ್ಲೇ. ಭರ್ತಿ ಎಂದರೆ ಮೇಲ್ಛಾವಣಿಯನ್ನು ಎತ್ತಿ ಹಿಡಿಯುವ ಇನ್ನೊಂದು ಕಂಬ ಎಂದುಕೊಳ್ಳುತ್ತಾರೆ. ಮರಳು, ಕಲ್ಲುಪುಡಿ ಬಂಡೆಗೆ ಹೋಲಿಸಿದರೆ ಹತ್ತಿಯ ಹಾಸಿಗೆ, ಅದು ಭಾರ ಹೊರುವುದು ಅಷ್ಟಕ್ಕಷ್ಟೆ. ಅದರ ಕೆಲಸ ಬೇರೆ. ಅದು ಕಂಬವನ್ನು ಪಕ್ಕದಿಂದ ಒತ್ತಿ ಹಿಡಿಯುತ್ತದೆ, ಉದುರಲು ಬಿಡುವುದಿಲ್ಲ.

ನಮ್ಮ ಮಾಗಡಿ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಗೋಣಿಚೀಲದಲ್ಲಿ ರಾಗಿ ತುಂಬಿ ಹೊಲಿದರೆ ಮೂಟೆಯ ಮೇಲೆ ಮೂಟೆ ಪೇರಿಸಬಹುದು, ಅದರ ಮೇಲೆ ಕೂತು ಲೆಕ್ಕ ಬರೆಯಬಹುದು. ಚೀಲ ಹರಿಯಿತೋ, ಅದೇ ರಾಗಿ ನೆಲದ ಮೇಲೆ ಹರಡಿ ಬೀಳುತ್ತದೆ. ರಾಗಿ ಬದಲಾಗಲಿಲ್ಲ, ಸುತ್ತಲಿನ ಹಿಡಿತ ಹೋಯಿತು. ಬಂಡೆಯದೂ ಇದೇ ಧರ್ಮ. ಒಳಘರ್ಷಣೆಯ ಕೋನ 30 ಡಿಗ್ರಿ ಇರುವ ವಸ್ತುವಿಗೆ ಪಕ್ಕದಿಂದ 1 ಪಾಲು ಒತ್ತಡ ಕೊಟ್ಟರೆ ಅದು ಮೇಲಿನಿಂದ 3 ಪಾಲು ಹೆಚ್ಚು ಭಾರ ತಾಳುತ್ತದೆ. ಗಟ್ಟಿ ಬಂಡೆಯಲ್ಲಿ ಇನ್ನೂ ಹೆಚ್ಚು. ಪಕ್ಕದಲ್ಲಿ ನಿಂತ ಬಡಪಾಯಿ ಮರಳಿನ ಸಣ್ಣ ಒತ್ತು, ಕಂಬದೊಳಗೆ ಮೂರರಷ್ಟು ಬಲವಾಗಿ ಬೆಳೆಯುತ್ತದೆ.

ನಮ್ಮಜ್ಜಿಗೆ ಈ ಕೋನ ಗೀನ ಗೊತ್ತಿರಲಿಲ್ಲ, ಹಗೇವು ಗೊತ್ತಿತ್ತು. ಹಿತ್ತಲಲ್ಲಿ ನೆಲದೊಳಗೆ ತೋಡಿದ ರಾಗಿಯ ಕಣಜ ಅದು. ಬಾಯಿ ಕಿರಿದು, ಒಳಗೆ ಅಗಲ. ರಾಗಿ ತುಂಬಿರುವಷ್ಟು ದಿನ ಗೋಡೆಗೆ ಏನೂ ಆಗುವುದಿಲ್ಲ, ಖಾಲಿ ಹಗೇವನ್ನು ಮಳೆಗಾಲಕ್ಕೆ ಬಿಡಬಾರದು, ಪಕ್ಕ ಕುಸಿಯುತ್ತದೆ ಎನ್ನುತ್ತಿದ್ದಳು. ನಾವು ಅದನ್ನು ಖಾಲಿಯೇ ಬಿಟ್ಟೆವು. ಕುಸಿಯಿತು. ಈಗ ಅಲ್ಲಿ ಒಂದು ತಗ್ಗಿದೆ, ಮಕ್ಕಳು ಗೋಲಿಯಾಡುತ್ತಾರೆ. ಅಂದಹಾಗೆ, 1895ರಲ್ಲಿ ಯಾನ್ಸೆನ್ ಎಂಬ ಜರ್ಮನ್ ಇಂಜಿನಿಯರ್ ಕಣಜದಲ್ಲಿ ಕಾಳು ತುಂಬಿ ತೂಕ ನೋಡಿ, ಕಾಳಿನ ಭಾರದ ಒಂದು ಪಾಲನ್ನು ಪಕ್ಕದ ಗೋಡೆಗಳೇ ಹೊತ್ತುಕೊಳ್ಳುತ್ತವೆ ಎಂದು ತೋರಿಸಿದ. ಗಣಿಯ ಭರ್ತಿಯನ್ನು ಲೆಕ್ಕ ಹಾಕುವವರು ಇವತ್ತಿಗೂ ಅಲ್ಲಿಂದಲೇ ಶುರು ಮಾಡುವುದು. ನೆಲದೊಳಗೆ ಕಾಳು ತುಂಬಿದ ಜನರ ಮೊಮ್ಮಕ್ಕಳಾದ ನಾವು ಇದನ್ನು ಇಂಜಿನಿಯರುಗಳ ವಿಷಯ ಎನ್ನುತ್ತೇವೆ.

ಕಂಬವನ್ನು ನಂಬಿ ಕೆಟ್ಟವರ ಕಥೆಯಲ್ಲಿ ಎಲ್ಲಕ್ಕಿಂತ ದೊಡ್ಡದು ದಕ್ಷಿಣ ಆಫ್ರಿಕಾದ ಕೋಲ್‌ಬ್ರೂಕ್ ಕಲ್ಲಿದ್ದಲು ಗಣಿಯದು. ಅಲ್ಲಿ ಕಂಬಗಳನ್ನು ಬಿಟ್ಟಿದ್ದರು. ಆದರೆ ಆಮೇಲೆ ಮೇಲ್ಛಾವಣಿಯಲ್ಲಿದ್ದ ಕಲ್ಲಿದ್ದಲಿನ ಮೇಲೂ ಆಸೆ ಹುಟ್ಟಿ ಅದನ್ನೂ ಕೆರೆದರು. ಕಂಬದ ಅಗಲ ಅಷ್ಟೇ ಇತ್ತು, ಎತ್ತರ ಹೆಚ್ಚಾಯಿತು. 1960ರ ಜನವರಿ 21ರಂದು ಒಂದು ಕಂಬ ಸೋತಿತು, ಅದರ ಭಾರ ಪಕ್ಕದ್ದಕ್ಕೆ, ಅದರದು ಅದರ ಪಕ್ಕದ್ದಕ್ಕೆ. ಸಾಲುಸಾಲು ಕಂಬಗಳು ಉರುಳಿದವು. 435 ಜನ ಕೆಳಗೇ ಉಳಿದರು, ಅವರ ದೇಹಗಳನ್ನು ಮೇಲೆ ತರಲೂ ಆಗಲಿಲ್ಲ. ಆ ದುರಂತದ ನಂತರವೇ ಸಾಲಮನ್ ಮತ್ತು ಮನ್ರೋ ಎಂಬಿಬ್ಬರು ನಿಂತ 98, ಕುಸಿದ 27 ಪ್ರಕರಣಗಳನ್ನು ಕೂಡಿ ಕಳೆದು 1967ರಲ್ಲಿ ಕಂಬದ ಬಲಕ್ಕೊಂದು ಸೂತ್ರ ಕೊಟ್ಟದ್ದು. ಆ ಸೂತ್ರದ ಪ್ರಕಾರ ಕಂಬದ ಎತ್ತರ ಇಮ್ಮಡಿಯಾದರೆ ಅದರ ಬಲ ಮೂರನೇ ಒಂದು ಭಾಗಕ್ಕೂ ಹೆಚ್ಚು ಇಳಿಯುತ್ತದೆ. ತಿರುಗಿಸಿ ಓದಿ. ಎತ್ತರದ ಕಂಬದ ಅರ್ಧದವರೆಗೆ ಬಿಗಿಯಾಗಿ ಭರ್ತಿ ಮಾಡಿದರೆ, ಬರಿಮೈಯಲ್ಲಿ ನಿಂತಿರುವುದು ಅರ್ಧ ಕಂಬ ಮಾತ್ರ.

ಕೋಲಾರದಲ್ಲಿ ಕಂಬಗಳು ಇನ್ನೊಂದು ಪಾಠ ಕಲಿಸಿದವು. ಆ ಆಳದಲ್ಲಿ ಸುತ್ತಲೂ ಅಗೆದು ನಡುವೆ ಒಂಟಿಯಾಗಿ ಬಿಟ್ಟ ಕಂಬ ಕುಸಿಯುವುದಿಲ್ಲ, ಸಿಡಿಯುತ್ತದೆ. ಬಂಡೆಯೊಳಗೆ ಅದುಮಿಟ್ಟ ಶಕ್ತಿ ಒಂದು ಗಳಿಗೆಯಲ್ಲಿ ಬಿಡುಗಡೆಯಾಗುತ್ತದೆ. ಊರಿನವರು ಅದಕ್ಕೆ ಏರ್ ಬ್ಲಾಸ್ಟ್ ಎನ್ನುತ್ತಿದ್ದರು. ಗಣಿಯೊಳಗೆ ಸಿಡಿದರೆ ಮೇಲೆ ಮನೆಯ ಪಾತ್ರೆ ಉರುಳುತ್ತಿದ್ದವು, ಪಾಳಿಗೆ ಹೋದವನ ಮನೆಯವರು ಶಾಫ್ಟಿನ ಕಡೆಗೆ ಓಡುತ್ತಿದ್ದರು. 1962ರಲ್ಲಿ ಚಾಂಪಿಯನ್ ರೀಫ್‌ನಲ್ಲಿ ಆದ ಸಿಡಿತ ನೆಲದ ಮೇಲಿನ ಕಟ್ಟಡಗಳನ್ನೂ ಬಿಡಲಿಲ್ಲ. ಕಂಬ ಸಿಡಿದು ನರಸಿಂಹ ಬಂದದ್ದು ನಮಗೆ ಪುರಾಣ. ಕೋಲಾರದ ಗಣಿ ಕಾರ್ಮಿಕರಿಗೆ ಅದು ಪಾಳಿಯ ಅಪಾಯ, ಮತ್ತು ಅಲ್ಲಿ ಪ್ರಹ್ಲಾದನೇ ಸಾಯುತ್ತಿದ್ದ. ಒಂಟಿ ಕಂಬಗಳನ್ನು ಬಿಡಬಾರದು, ಅಗೆಯುತ್ತಾ ಹೋದಂತೆ ಹಿಂದಿನಿಂದ ಭರ್ತಿ ಮಾಡುತ್ತಾ ಬರಬೇಕು ಎಂಬ ಬುದ್ಧಿ ಬಂದದ್ದು ಹೀಗೆ. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ ಹುಟ್ಟಿದ್ದು ಕೋಲಾರದ ಚಾಂಪಿಯನ್ ರೀಫ್‌ನಲ್ಲಿ ಎಂಬುದು ಆಕಸ್ಮಿಕವಲ್ಲ.

ಸಾಹಿತ್ಯದವರಿಗೆ ಒಂದು ಮಾತು. ನಾವು ಕಂಬದ ಭಕ್ತರು. ಆಧಾರಸ್ತಂಭ, ಮೇರುಸ್ತಂಭ, ನಾಲ್ಕನೇ ಸ್ತಂಭ ಎಂದು ಸನ್ಮಾನ ಪತ್ರಗಳಲ್ಲಿ ಬರೆಯುತ್ತೇವೆ. ಕಂಬದ ಪಕ್ಕದಲ್ಲಿ ನಿಂತ ಮರಳಿಗೆ ಶಾಲು ಹೊದಿಸಿದವರನ್ನು ನಾನು ನೋಡಿಲ್ಲ. ಗಣಿಯ ಕಥೆ ಬರೆದರೂ ಚಿನ್ನ ಕದ್ದವನ ಬಗ್ಗೆ ಬರೆಯುತ್ತೇವೆ, ಗೋಡೆ ಕಟ್ಟಿದವನ ಬಗ್ಗೆ ಅಲ್ಲ. ಆ ಗೋಡೆ ಕಟ್ಟಿದವರಲ್ಲಿ ಬಹುಪಾಲು ತಮಿಳು ಮಾತಾಡುವ ದಲಿತರು ಎನ್ನುವುದಕ್ಕೂ ಕನ್ನಡ ಸಾಹಿತ್ಯದ ಈ ಮೌನಕ್ಕೂ ಸಂಬಂಧವಿಲ್ಲ ಎಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ.

ಭರ್ತಿ ಹೊಸ ವಿದ್ಯೆಯೂ ಅಲ್ಲ. ಬಹಳ ಹಿಂದೆಯೇ ಅಮೆರಿಕದ ಪೆನ್ಸಿಲ್ವೇನಿಯಾದ ಶೆನಂಡೋವಾ ಎಂಬ ಊರಲ್ಲಿ, ಕಲ್ಲಿದ್ದಲು ತೆಗೆದ ಟೊಳ್ಳಿನ ಮೇಲೆ ಕೂತಿದ್ದ ಒಂದು ಚರ್ಚನ್ನು ಉಳಿಸಲು ಗಣಿಕಸವನ್ನು ನೀರಿನಲ್ಲಿ ಹರಿಸಿ ಅದರ ಬುಡಕ್ಕೆ ತುಂಬಿದರು. ನಮ್ಮ ದೇಶದಲ್ಲಿ 1939ರಲ್ಲಿ, ಬ್ರಿಟಿಷರ ಕಾಲದಲ್ಲೇ, ಕಲ್ಲಿದ್ದಲು ಗಣಿಗಳ ಸ್ಟೋವಿಂಗ್ ಕಾಯ್ದೆ ಬಂತು. ಸ್ಟೋವಿಂಗ್ ಎಂದರೆ ಮರಳು ತುಂಬುವುದು. ಅಗೆದ ಕಲ್ಲಿದ್ದಲಿನ ಮೇಲೆ ಸುಂಕ ಹಾಕಿ, ಆ ಹಣದಿಂದ ಖಾಲಿ ಜಾಗ ತುಂಬಲು ನೆರವು ಕೊಡಬೇಕು ಎಂದು ಕಾನೂನೇ ಹೇಳಿತು. ಝರಿಯಾ, ರಾಣಿಗಂಜ್‌ಗಳ ನೆಲ ಇಂದಿಗೂ ಕುಸಿಯುತ್ತಿದೆ, ಝರಿಯಾದ ಬೆಂಕಿ ಇಂದಿಗೂ ಉರಿಯುತ್ತಿದೆ. ಹಾಗಾದರೆ ಕಾನೂನು ಸೋತಿತಲ್ಲ ಎನ್ನಬಹುದು. ಸೋತದ್ದು ತುಂಬಿದ ಕಡೆ ಅಲ್ಲ, ತುಂಬದೆ ಬಿಟ್ಟು ಹೋದ ಕಡೆ.

ಈಗ ನನ್ನ ಪಕ್ಷದವರ ಜೊತೆಗೇ ಒಂದು ಜಗಳ ಇದೆ. ತುಂಬಬೇಕು ಎಂದ ತಕ್ಷಣ ಸಿಕ್ಕಿದ್ದನ್ನೆಲ್ಲ ಸುರಿಯಿರಿ ಎಂದಲ್ಲ. ಬೆಂಗಳೂರಿನ ಉತ್ತರದಲ್ಲಿ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಗಳ ಹಳೆಯ ಕಲ್ಲುಕ್ವಾರಿಗಳಿಗೆ ನಗರದ ಕಸ ಸುರಿದು ತುಂಬಿದ್ದಾರೆ. ಸುತ್ತಲಿನವರು ಆ ನೀರು ಮತ್ತು ವಾಸನೆಯೊಂದಿಗೆ ಬದುಕುತ್ತಿದ್ದಾರೆ. ಅದು ಭರ್ತಿಯಲ್ಲ, ಬಚ್ಚಿಡುವುದು. ಗಣಿಯ ಭರ್ತಿ ಅಡುಗೆಯಷ್ಟೇ ನಾಜೂಕಿನ ಕೆಲಸ. ನೀರಿನಲ್ಲಿ ಹರಿಸಿ ತುಂಬುವ ಮರಳಿನಿಂದ ಗಂಟೆಗೆ ಸುಮಾರು 10 ಸೆಂಟಿಮೀಟರ್ ವೇಗದಲ್ಲಿ ನೀರು ಬಸಿದು ಹೋಗಬೇಕು ಎಂಬುದು ಗಣಿಯವರ ರೂಢಿಯ ಅಳತೆ. ಅದಕ್ಕಾಗಿ 10 ಮೈಕ್ರಾನಿಗಿಂತ ಸಣ್ಣ ಕಣ ನೂರಕ್ಕೆ ಹತ್ತು ಮೀರದಂತೆ ತೊಳೆದು ತೆಗೆಯುತ್ತಾರೆ. ನೀರು ಬಸಿಯದಿದ್ದರೆ ಆ ಮರಳು ಕೆಸರಾಗಿ, ತಡೆಗೋಡೆ ಒಡೆದುಕೊಂಡು, ಕೆಳಗಿನ ಸುರಂಗದಲ್ಲಿರುವವರ ಮೇಲೆ ನುಗ್ಗುತ್ತದೆ. ಹಾಗೆ ಸತ್ತವರಿದ್ದಾರೆ. ಜರ್ಮನಿಯ ಬಾಡ್ ಗ್ರುಂಡ್ ಗಣಿಯಲ್ಲಿ 1970ರ ದಶಕದ ಕೊನೆಗೆ ಶುರುವಾದ ಪೇಸ್ಟ್ ಭರ್ತಿಯ ವಿಧಾನ ಇದಕ್ಕೆ ತಿರುಗಾಮುರುಗಾ. ಅದಕ್ಕೆ ಸಣ್ಣ ಕಣ ಇರಲೇಬೇಕು. ಇಡ್ಲಿ ಹಿಟ್ಟಿನಷ್ಟು ಗಟ್ಟಿ ಮಾಡಿ, ಸಿಮೆಂಟು ಬೆರೆಸಿ, ಪೈಪಿನಲ್ಲಿ ನೂಕುತ್ತಾರೆ, ನೀರು ಹೊರಗೆ ಬರುವುದಿಲ್ಲ. ಯಾವ ಗಣಿಗೆ ಯಾವುದು ಎಂದು ನೋಡಿ ಮಾಡಬೇಕಾದ ಕೆಲಸ.

ಇಷ್ಟೆಲ್ಲ ತಿಳಿದಿದ್ದ ಕೋಲಾರದಲ್ಲಿ ಇವತ್ತು ಏನು ಉಳಿದಿದೆ ನೋಡಿ. 120 ವರ್ಷಗಳಲ್ಲಿ ಸುಮಾರು 5 ಕೋಟಿ ಟನ್ ಅದಿರು ಮೇಲೆತ್ತಿ, ಸುಮಾರು 800 ಟನ್ ಚಿನ್ನ ತೆಗೆದರು. ಅಂದರೆ 8 ಗ್ರಾಂ ತಾಳಿಗೆ ಅರ್ಧ ಟನ್ ಕಲ್ಲು. ಆ ಕಲ್ಲಿನ ಪುಡಿಯಲ್ಲಿ 3 ಕೋಟಿ ಟನ್ನಿಗೂ ಹೆಚ್ಚು ಊರಿನ ನಡುವೆ ದಿಬ್ಬಗಳಾಗಿ ಬಿದ್ದಿದೆ. ಗಾಳಿ ಎದ್ದಾಗ ಅದರ ದೂಳು ಮನೆಯೊಳಗೆ ಬರುತ್ತದೆ. ಗೆಳೆಯನ ತಾಯಿ ಅನ್ನದ ತಟ್ಟೆಯನ್ನು ಮಗುಚಿಯೇ ಇಡುತ್ತಾರೆ. ದಿಬ್ಬಗಳ ಕೆಳಗೆ, ಅದೇ ಊರಿನಡಿಯಲ್ಲಿ, ಅದೇ ಕಲ್ಲು ಹೊರಬಂದ ಸೀಳುಗಳು. ಪಂಪು ನಿಂತ ಮೇಲೆ ಅಲ್ಲಿ ನೀರು. ಗುಂಡಿಯೂ ಗುಡ್ಡೆಯೂ ಹೀಗೆ ಒಂದರ ಮೇಲೊಂದು ಕೂತಿರುವುದನ್ನು ನೋಡಿದರೆ, ಬೀಗದ ಪಕ್ಕದಲ್ಲೇ ಕೀಲಿ ನೇತುಹಾಕಿ ಬಾಗಿಲು ತೆರೆಯದೆ ಹೊರಗೆ ಮಲಗಿದವರ ನೆನಪಾಗುತ್ತದೆ.

2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಈ 13 ದಿಬ್ಬಗಳಲ್ಲಿ, 1,003.4 ಎಕರೆಯಲ್ಲಿ, ಉಳಿದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಪತ್ರಿಕೆಗಳಲ್ಲಿ ಎಷ್ಟು ಚಿನ್ನ, ಎಷ್ಟು ಉದ್ಯೋಗ ಎಂಬ ಸುದ್ದಿ ಬಂತು. ಟನ್ನಿಗೆ ಒಂದು ಚಿಟಿಕೆಯಷ್ಟೂ ಇಲ್ಲದ ಚಿನ್ನವನ್ನು ತೆಗೆದ ಮೇಲೆ, ಆ 3 ಕೋಟಿ ಟನ್ ಪುಡಿ ಮಾಯವಾಗುವುದಿಲ್ಲ. ಇನ್ನೊಮ್ಮೆ ಸೈನೈಡಿನಲ್ಲಿ ಮಿಂದು ಅಷ್ಟಕ್ಕಷ್ಟೇ ಉಳಿಯುತ್ತದೆ. ಅದು ಎಲ್ಲಿಗೆ ಹೋಗುತ್ತದೆ? ಇನ್ನೊಂದು ದಿಬ್ಬಕ್ಕೋ, ಗಣಿಯೊಳಕ್ಕೋ? ಯೋಜನೆಯ ಮೊದಲ ಸಾಲಿನಲ್ಲಿ ಇರಬೇಕಾದ ಉತ್ತರ ಇದು. ರಾಯಚೂರಿನ ಹಟ್ಟಿಯಲ್ಲಿ ಇಂದಿಗೂ ನಡೆಯುತ್ತಿರುವ ಗಣಿಯ ಚಿನ್ನದ ಲೆಕ್ಕ ಆಗಾಗ ಪತ್ರಿಕೆಯಲ್ಲಿ ಬರುತ್ತದೆ. ಆ ವರ್ಷ ಎಷ್ಟು ಘನ ಮೀಟರ್ ತುಂಬಿದರು ಎಂಬ ಸುದ್ದಿಯನ್ನು ನಾನು ಒಮ್ಮೆಯೂ ಓದಿಲ್ಲ.

ಆಕ್ಷೇಪಗಳು ನನಗೆ ಗೊತ್ತು. ಅರೆದ ಕಲ್ಲು ಉಬ್ಬುತ್ತದೆ, ಇಡಿಯಾಗಿದ್ದಾಗ ಹಿಡಿಸಿದ ಜಾಗದಲ್ಲಿ ಪುಡಿಯಾದ ಮೇಲೆ ಹೆಚ್ಚುಕಡಿಮೆ ಅರ್ಧವಷ್ಟೇ ಹಿಡಿಸುತ್ತದೆ. ನಿಜ. ಹಾಗಾದರೆ ಅರ್ಧ ತುಂಬಿ, ದಿಬ್ಬವೂ ಅರ್ಧವಾಗುತ್ತದೆ. ಗಣಿಯಲ್ಲಿ ನೀರಿದೆ, ಶಾಫ್ಟುಗಳು ಹಾಳಾಗಿವೆ, 3 ಕಿಲೋಮೀಟರ್ ಕೆಳಗೆ ಯಾರೂ ಇಳಿಯಲಾರರು. ನಿಜ. 3 ಕಿಲೋಮೀಟರ್ ಕೆಳಗಿನದನ್ನು ಯಾರೂ ಕೇಳುತ್ತಿಲ್ಲ, ಮನೆಗಳ ಕೆಳಗಿರುವ ಮೇಲುಮೇಲಿನ ಟೊಳ್ಳುಗಳನ್ನು ನೋಡಿ. ಜನ ಇಳಿಯದೆ, ನೆಲದ ಮೇಲಿನಿಂದ ಬೋರ್ ಕೊರೆದು ಮರಳುನೀರು ಬಿಟ್ಟು ತುಂಬುವ ಕೆಲಸವನ್ನು ರಾಣಿಗಂಜ್‌ನಲ್ಲಿ ಮಾಡಿದ್ದಾರೆ. ಸೈನೈಡು ಅಂತರ್ಜಲಕ್ಕೆ ಸೇರುತ್ತದೆ. ಇದು ಗಟ್ಟಿಯಾದ ಆಕ್ಷೇಪ, ನಾನು ತಲೆಬಾಗುತ್ತೇನೆ. ವಿಷ ಕಳೆಯದೆ, ಸಿಮೆಂಟಿನಲ್ಲಿ ಕಟ್ಟಿಹಾಕದೆ ಒಂದು ಬಕೆಟ್ಟನ್ನೂ ಕೆಳಗೆ ಬಿಡಬಾರದು. ಆದರೆ ಅಂತರ್ಜಲದ ಮೇಲೆ ಇಷ್ಟು ಕಾಳಜಿ ಇರುವವರು ಅದೇ ವಿಷದ ದಿಬ್ಬ ಇಷ್ಟು ವರ್ಷ ಮಳೆಯಲ್ಲಿ ನೆನೆಯುತ್ತಿದ್ದಾಗ ಎಲ್ಲಿದ್ದರು?

ಕೊನೆಗೆ ಉಳಿಯುವುದು ಖರ್ಚಿನ ಮಾತು. ತುಂಬಿದರೆ ಗಣಿ ಲಾಭದಾಯಕವಲ್ಲ ಎನ್ನುತ್ತಾರೆ. ತುಂಬದೆ ಬಂದ ಲಾಭ ಲಾಭವೇ ಅಲ್ಲ, ಅದು ಕಂಬದಿಂದ ಮಾಡಿದ ಸಾಲ. ತೀರಿಸುವವರು ಬೇರೆ, ಅಷ್ಟೆ. ಇನ್ನು ಗಣಿಯನ್ನೇ ನಿಲ್ಲಿಸಿ ಎನ್ನುವ ಆ ಹಿರಿಯರಿಗೆ: ನಿಲ್ಲಿಸಿದರೂ ಈಗಾಗಲೇ ಅಗೆದ ಸೀಳು ಹಾಗೇ ಇರುತ್ತದೆ. ಕೋಲಾರದಲ್ಲಿ ನಿಲ್ಲಿಸಿ ಎರಡು ದಶಕಗಳ ಮೇಲಾಯಿತು.

ನಮ್ಮ ಜಿಲ್ಲೆಯಲ್ಲಿ ಭೂಗತ ಗಣಿ ಇಲ್ಲ, ನಿನಗ್ಯಾಕೆ ಈ ಉಸಾಬರಿ ಎನ್ನಬಹುದು. 2025ರಲ್ಲಿ ಈ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟರು. ಅದಕ್ಕೂ ಬಹಳ ಹಿಂದೆ ಕ್ಲೋಸ್‌ಪೇಟೆ ಎನ್ನುತ್ತಿದ್ದರು, ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್‌ನ ಹೆಸರಲ್ಲಿ. ಊರಿನಿಂದ ಆ ಹೆಸರು ಹೋದರೂ ಕಲ್ಲಿನಿಂದ ಹೋಗಲಿಲ್ಲ. 250 ಕೋಟಿ ವರ್ಷ ಹಳೆಯ ನಮ್ಮ ಬಂಡೆಗೆ ಭೂವಿಜ್ಞಾನಿಗಳು ಇಂದಿಗೂ ಕ್ಲೋಸ್‌ಪೇಟ್ ಗ್ರಾನೈಟ್ ಎನ್ನುತ್ತಾರೆ. ಆ ಕಲ್ಲನ್ನು ಮಾಗಡಿ, ಕನಕಪುರ, ರಾಮನಗರದ ಸುತ್ತ ಕಡಿದ ಗುಂಡಿಗಳು ಎಷ್ಟೋ ಇವೆ. ಕಡಿದದ್ದರಲ್ಲಿ ಮಾರುವಂಥ ದಿಮ್ಮಿ ಸ್ವಲ್ಪವೇ, ಬಿರುಕು ಬಿಟ್ಟದ್ದು, ಬಣ್ಣ ಕೆಟ್ಟದ್ದು ಎಲ್ಲ ಗುಂಡಿಯ ಅಂಚಿನಲ್ಲೇ ಗುಡ್ಡೆ ಬೀಳುತ್ತದೆ. ಕೋಲಾರದ ಚಿತ್ರವೇ, ಸೂರಿಲ್ಲದೆ. 1999ರ ಗ್ರಾನೈಟ್ ಸಂರಕ್ಷಣೆ ಮತ್ತು ಅಭಿವೃದ್ಧಿ ನಿಯಮಗಳು ಕಡಿದ ನೆಲವನ್ನು ಸರಿಪಡಿಸಿ ಕೊಡಬೇಕು ಎನ್ನುತ್ತವೆ. ನೆಟ್ಟಗೆ ಕಡಿದ ಗುಂಡಿಯ ಗೋಡೆಗೂ ಗಣಿಯ ಕಂಬಕ್ಕೂ ವ್ಯತ್ಯಾಸವಿಲ್ಲ. ಪಕ್ಕದಲ್ಲಿ ಏನೂ ಇಲ್ಲದಿದ್ದರೆ ಮಳೆಗಾಲಕ್ಕೊಂದು ಪದರ ಉದುರುತ್ತದೆ, ದಾರಿ ಹತ್ತಿರವಾಗುತ್ತಾ ಬರುತ್ತದೆ.

ನಮ್ಮೂರಿನ ಗುಂಡಿಯ ಗುತ್ತಿಗೆ ಮುಗಿದು ಹದಿನೈದು ವರ್ಷ ದಾಟಿದೆ. ಮೊದಲ ಬೇಸಿಗೆಯಲ್ಲೇ ನಮ್ಮ ಎಮ್ಮೆ ನೀರು ಕುಡಿಯಲು ಇಳಿದು ಮೇಲೆ ಬರಲಿಲ್ಲ. ಎರಡು ವರ್ಷ ಕಳೆದು ಪಕ್ಕದ ಹಳ್ಳಿಯ ಹುಡುಗನೊಬ್ಬ ಈಜಲು ಇಳಿದ. ಅವನ ಅಪ್ಪ ಆಮೇಲೆ ಗುಂಡಿಯ ಸುತ್ತ ತಾನೇ ಕೂಚ ನೆಟ್ಟು ಮುಳ್ಳುತಂತಿ ಕಟ್ಟಿದ. ಗುಂಡಿ ತುಂಬಿಸಿ ಎಂದು ನಾವು ಬರೆದ ಅರ್ಜಿಗೆ, ತುಂಬಲು ಸಾಮಗ್ರಿ ಲಭ್ಯವಿಲ್ಲ ಎಂಬ ಉತ್ತರ ಬಂದಿತ್ತು. ಆ ಉತ್ತರ ಬಂದ ದಿನ ಗುಂಡಿಗಿಂತ ಎತ್ತರದ ಕಲ್ಲುಗುಡ್ಡೆ ಅದರ ಪಕ್ಕದಲ್ಲೇ ಇತ್ತು, ಟಪಾಲಿನವನು ಅದರ ನೆರಳಲ್ಲಿ ಸೈಕಲ್ ನಿಲ್ಲಿಸಿ ಬಂದಿದ್ದ.

ಕಳೆದ ವಾರ ಊರಿಗೆ ಹೋದಾಗ ಗುಡ್ಡೆ ಅರ್ಧ ಕರಗಿತ್ತು. ತುಂಬುತ್ತಿದ್ದಾರೇನೋ ಎಂದು ಹತ್ತಿರ ಹೋದೆ. ನದಿ ಮರಳು ಮುಗಿದ ಮೇಲೆ ಬೆಂಗಳೂರಿಗೆ ಎಂ-ಸ್ಯಾಂಡ್ ಬೇಕಲ್ಲ, ಕ್ರಷರಿಗೆ ಸಾಗುತ್ತಿದೆಯಂತೆ. ನಾನಿದ್ದ ಒಂದು ಗಂಟೆಯಲ್ಲಿ ಹನ್ನೊಂದು ಲಾರಿ ಹೋದವು. ಲಾರಿ ತಿರುಗಲು ಜಾಗ ಸಾಲದೆಂದು ಆ ಅಪ್ಪ ಕಟ್ಟಿದ್ದ ತಂತಿಯನ್ನು ಒಂದು ಬದಿಯಲ್ಲಿ ಕಿತ್ತು ಸುತ್ತಿ ಇಟ್ಟಿದ್ದರು.